ಕಣಗಳ ಲೆಕ್ಕ ಹಿಡಿದ ಹೋಮಿ ಭಾಭಾ



ನಮ್ಮ ಬಳಗದ ಪತ್ರಿಕೆಯೊಳಗೆ ಜೀವನ ಚರಿತ್ರೆ ಅಂದ ಕೂಡಲೇ ಕವಿಗಳು, ಶರಣರು, ಇಲ್ಲವೇ ಸ್ವಾತಂತ್ರ್ಯ ಹೋರಾಟಗಾರರು ಬರುವುದು ವಾಡಿಕೆ. ಈ ಸಲ ನಾನು ಬರೆಯಲು ಹೊರಟಿರುವುದು ಒಬ್ಬ ಭೌತವಿಜ್ಞಾನಿಯ ಬಗ್ಗೆ. ಅದೂ ವಾಣಿಜ್ಯ ಶಾಖೆಯ ಹುಡುಗ ಬರೆಯುತ್ತಿದ್ದಾನೆ. ಇವನಿಗ್ಯಾಕೆ ಈ ಉಸಾಬರಿ ಅಂತ ಕೆಲವರು ಕೇಳಬಹುದು. ಅದಕ್ಕೆ ಉತ್ತರ ಲೇಖನದೊಳಗೇ ಸಿಗುತ್ತದೆ ಅಂತ ನಂಬಿದ್ದೇನೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಪರಮಾಣು ಅಂದರೆ ಮೂರೇ ಮಾತು: ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನು. ನಡುವೆ ಬೀಜಕೇಂದ್ರ, ಸುತ್ತ ಎಲೆಕ್ಟ್ರಾನು. ಅಲ್ಲಿಗೆ ಪಾಠ ಮುಗಿಯಿತು, ಗಂಟೆ ಬಾರಿಸಿತು. ಆ ಪ್ರೋಟಾನಿನ ಹೊಟ್ಟೆಯೊಳಗೂ ಮತ್ತೆ ಮೂರು ಕಣಗಳಿವೆ, ಅವಕ್ಕೆ ಕ್ವಾರ್ಕು ಅಂತ ಹೆಸರು ಅಂತ ಗೊತ್ತಾದದ್ದು ಶಾಲೆ ಬಿಟ್ಟ ಮೇಲೆ. ಗೊತ್ತಾದ ಮೇಲೆ ಒಂದು ಪ್ರಶ್ನೆ ಬೆನ್ನು ಹತ್ತಿತು. ಇಂಥ ಮೂಲಕಣಗಳ ಹುಡುಕಾಟದೊಳಗೆ ನಮ್ಮ ಕಡೆಯವರು ಯಾರಾದರೂ ಇದ್ದರೋ ಇಲ್ಲವೋ? ಅಥವಾ ಎಲ್ಲವೂ ದೂರ ದೇಶದವರ ಸಂಗತಿಯೇ? ಹುಡುಕುತ್ತ ಹೋದರೆ ದಾರಿ ಬೆಂಗಳೂರಿಗೆ, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ದಾರಿಯುದ್ದಕ್ಕೂ ಒಂದೇ ಹೆಸರು ಮತ್ತೆ ಮತ್ತೆ ಸಿಕ್ಕಿತು: ಡಾ. ಹೋಮಿ ಜೆಹಾಂಗೀರ್ ಭಾಭಾ.

ಭಾಭಾ ಅವರನ್ನು ಅಣುಶಕ್ತಿಯ ಪಿತಾಮಹ ಅಂತ ಎಲ್ಲರೂ ಬಲ್ಲರು. ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅದು. ಆದರೆ ಆ ಪಟ್ಟ ಬರುವ ಮುಂಚೆ ಅವರು ಕಣಗಳ ಲೆಕ್ಕ ಹಿಡಿದು ಕೂತ ಗಣಿತಗಾರ. ಅವರ ಈ ಅರ್ಧ ಬಾಳು ನಮಗೆ ಅಷ್ಟು ಪರಿಚಯವಿಲ್ಲ. ಅದನ್ನೇ ಇಲ್ಲಿ ಹೆಚ್ಚಾಗಿ ಹೇಳುತ್ತೇನೆ.

ಹೋಮಿ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಪಾರ್ಸಿ ಮನೆತನದಲ್ಲಿ. ಆದರೆ ಆ ಮನೆತನದ ಬೇರು ನಮ್ಮ ಮೈಸೂರು ಸೀಮೆಯಲ್ಲೂ ಇತ್ತು. ಅವರ ಅಜ್ಜ ಹೋರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು. ತಂದೆ ಜೆಹಾಂಗೀರ್ ಬೆಳೆದದ್ದು ಬೆಂಗಳೂರಲ್ಲಿ. ಮುಂದೆ ಇಂಗ್ಲೆಂಡಿನಲ್ಲಿ ಓದಿ ವಕೀಲರಾದರು. ಸೋದರತ್ತೆ ಮೆಹರ್‌ಬಾಯಿ ಜಮ್‌ಶೆಟ್‌ಜಿ ಟಾಟಾರ ಮಗ ದೊರಾಬ್‌ಜಿ ಅವರನ್ನು ಮದುವೆಯಾದರು. ಹೀಗಾಗಿ ಟಾಟಾ ಮನೆಯೂ ಭಾಭಾ ಮನೆಯೂ ಬೀಗರು. ಇನ್ನೊಂದು ಕಾಕತಾಳೀಯ ನೋಡ್ರಿ: ಟಾಟಾ ಅವರ ಕನಸು, ಮೈಸೂರು ಅರಸರ ಭೂದಾನ ಕೂಡಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಆರಂಭವಾದ ವರ್ಷವೂ 1909. ಹುಡುಗನೂ ಸಂಸ್ಥೆಯೂ ಒಂದೇ ವಾರಿಗೆಯವರು. ಮೂವತ್ತು ವರ್ಷಗಳ ಮೇಲೆ ಇಬ್ಬರೂ ಒಂದೆಡೆ ಸೇರಬೇಕಾಗಿತ್ತು.

ಮನೆಯಲ್ಲಿ ಪುಸ್ತಕ, ಚಿತ್ರ, ಸಂಗೀತ ಎಲ್ಲವೂ ಧಾರಾಳ. ಹೋಮಿ ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತದ ಹುಚ್ಚೂ ಇತ್ತು. ಮುಂಬಯಿಯಲ್ಲಿ ಓದಿ 1927ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಹೋದದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು. ಮಗ ಓದಿ ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಗೆ ಕೂಡಬೇಕು ಅಂತ ತಂದೆಯ ಮತ್ತು ಬೀಗರ ಇರಾದೆ. ಆದರೆ ಹುಡುಗನ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1928ರಲ್ಲಿ ತಂದೆಗೆ ಕಾಗದ ಬರೆದು ತನಗೆ ಭೌತಶಾಸ್ತ್ರವೇ ಬೇಕು, ವ್ಯಾಪಾರವಾಗಲಿ ಕಾರ್ಖಾನೆಯ ನೌಕರಿಯಾಗಲಿ ತನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿದರು.

ನಮ್ಮಲ್ಲಿ ಎಷ್ಟು ಮಂದಿ ಮನೆಯವರು ಹೇಳಿದ ಶಾಖೆಗೆ ಸೇರಿ ಒಳಗೊಳಗೇ ಕೊರಗುತ್ತಿದ್ದೇವೆ! ಕೆಲವರು ಸಿಟ್ಟಿನಿಂದ ಓದನ್ನೇ ಬಿಡುತ್ತಾರೆ. ಹೋಮಿ ಹಾಗೆ ಮಾಡಲಿಲ್ಲ. ತಂದೆ ಒಂದು ಕರಾರು ಹಾಕಿದರು: ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ತಂದರೆ ಗಣಿತ ಓದಲು ಹಣ ಕೊಡುತ್ತೇನೆ ಅಂತ. ಮಗ ಕರಾರು ಪಾಲಿಸಿದ. 1930ರಲ್ಲಿ ಇಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ, 1932ರಲ್ಲಿ ಗಣಿತದಲ್ಲೂ ಪ್ರಥಮ ದರ್ಜೆ. ಬೇಡವಾದ ಓದನ್ನೂ ಚೊಕ್ಕಟವಾಗಿ ಮುಗಿಸಿ, ಬೇಕಾದ ಓದಿಗೆ ಹಾದಿ ಮಾಡಿಕೊಂಡರು. ಮುಂದೆ ಅಣುಸ್ಥಾವರ ಕಟ್ಟುವಾಗ ಆ ಬೇಡವಾದ ಓದೇ ಕೈಗೆ ಬಂತು ಅನ್ನುವುದು ಬೇರೆ ಮಾತು.

ಈಗ 1932ರ ಕೇಂಬ್ರಿಜ್ಜನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಅದೇ ವರ್ಷ ಅಲ್ಲಿಯ ಪ್ರಯೋಗಾಲಯದಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ಅದೇ ವರ್ಷ ಅಮೆರಿಕೆಯಲ್ಲಿ ಆ್ಯಂಡರ್‌ಸನ್ ಪಾಸಿಟ್ರಾನನ್ನು ಕಂಡರು. ಪಾಸಿಟ್ರಾನು ಅಂದರೆ ಎಲೆಕ್ಟ್ರಾನಿನ ಪ್ರತಿಕಣ. ತೂಕ ಅಷ್ಟೇ, ಆವೇಶ ಮಾತ್ರ ತಿರುಗುಮುರುಗು. ಅಂಥದೊಂದು ಇರಲೇಬೇಕು ಅಂತ ಲೆಕ್ಕದಿಂದಲೇ ಹೇಳಿದ್ದ ಡಿರಾಕ್ ಕೇಂಬ್ರಿಜ್ಜಿನಲ್ಲೇ ಭಾಭಾ ಅವರಿಗೆ ಪಾಠ ಹೇಳುತ್ತಿದ್ದರು.

ನಾವು ವಾಣಿಜ್ಯದವರಿಗೆ ಪ್ರತಿಕಣ ತಿಳಿಯುವುದು ಕಷ್ಟವಲ್ಲ. ಪ್ರತಿಯೊಂದು ಜಮಾಕ್ಕೂ ಎದುರಿಗೆ ಒಂದು ಖರ್ಚು ಬೀಳಬೇಕು ಅನ್ನುವುದು ಜೋಡಿ ನಮೂದಿನ ಮೂಲ ಪಾಠ. ಶುದ್ಧ ಶಕ್ತಿಯಿಂದ ಕಣ ಹುಟ್ಟುವಾಗ ಎಲೆಕ್ಟ್ರಾನು ಒಂದೇ ಹುಟ್ಟಲಾರದು. ಜೊತೆಗೆ ಪಾಸಿಟ್ರಾನು ಹುಟ್ಟಲೇಬೇಕು. ಒಂದು ಕಡೆ ಋಣ ಒಂದು, ಇನ್ನೊಂದು ಕಡೆ ಧನ ಒಂದು, ಕೂಡಿದರೆ ಸೊನ್ನೆ. ಎರಡೂ ಮತ್ತೆ ಸಂಧಿಸಿದರೆ ಖಾತೆ ಚುಕ್ತಾ ಆಗಿ ಶಕ್ತಿ ಉಳಿಯುತ್ತದೆ. ಸೃಷ್ಟಿಯ ಕೀರ್ದಿ ಪುಸ್ತಕದಲ್ಲಿ ಆವೇಶದ ಲೆಕ್ಕ ಎಂದೂ ತಪ್ಪಿಲ್ಲ.

ಎಲೆಕ್ಟ್ರಾನು ಪಾಸಿಟ್ರಾನುಗಳು ಎದುರುಬದುರು ಬಂದಾಗ ಏನಾಗುತ್ತದೆ? ಒಂದಕ್ಕೊಂದು ಎಳೆದುಕೊಂಡು ದಾರಿ ಬದಲಿಸಿ ಚೆದರಬಹುದು. ಇಲ್ಲವೇ ಎರಡೂ ಅಳಿದು, ಅದೇ ಶಕ್ತಿಯಿಂದ ಹೊಸ ಜೋಡಿಯೊಂದು ಹುಟ್ಟಬಹುದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಎರಡೂ ಸಾಧ್ಯತೆಗಳನ್ನು ಒಟ್ಟಿಗೆ ಹಿಡಿದು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಮೊದಲು ಮಾಡಿದವರು ಭಾಭಾ. 1936ರಲ್ಲಿ ಅದು ಪ್ರಕಟವಾಯಿತು. ಜಗತ್ತಿನ ಯಾವ ಮೂಲೆಯ ಭೌತಶಾಸ್ತ್ರದ ಪುಸ್ತಕ ತೆಗೆದರೂ ಇದಕ್ಕೆ ಭಾಭಾ ಚೆದರಿಕೆ ಅಂತಲೇ ಹೆಸರು. ಆಗ ಅವರ ವಯಸ್ಸು ಇಪ್ಪತ್ತಾರು. ನನಗಿಂತ ಆರೇ ವರ್ಷ ಹೆಚ್ಚು!

ಮುಂದಿನ ವರ್ಷ, 1937ರಲ್ಲಿ, ಹೈಟ್ಲರ್ ಎಂಬ ಜರ್ಮನ್ ವಿಜ್ಞಾನಿಯೊಡನೆ ಸೇರಿ ವಿಶ್ವಕಿರಣಗಳ ಸುರಿಮಳೆಗೆ ಕಾರಣ ಹೇಳಿದರು. ಆಕಾಶದಿಂದ ಭೂಮಿಯತ್ತ ಸದಾ ಕಣಗಳು ನುಗ್ಗಿ ಬರುತ್ತಿರುತ್ತವೆ. ಕೆಲವೊಮ್ಮೆ ಅವು ಒಂಟಿಯಾಗಿ ಬಾರದೆ ಗುಂಪುಗುಂಪಾಗಿ ಸುರಿಯುತ್ತವೆ. ಯಾಕೆ? ಭಾರೀ ವೇಗದ ಒಂದು ಎಲೆಕ್ಟ್ರಾನು ಗಾಳಿಯ ಪರಮಾಣುವಿನ ಬಳಿ ಹಾಯುವಾಗ ಒಂದು ಗ್ಯಾಮಾ ಕಿರಣ ಉಗುಳುತ್ತದೆ. ಆ ಕಿರಣ ಎಲೆಕ್ಟ್ರಾನು ಪಾಸಿಟ್ರಾನಿನ ಜೋಡಿಯಾಗುತ್ತದೆ. ಆ ಎರಡೂ ಮತ್ತೆ ಕಿರಣ ಉಗುಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಸಾಹುಕಾರನ ಚಕ್ರಬಡ್ಡಿಯ ಹಾಗೆ ಬೆಳೆಯುತ್ತ ಹೋಗುತ್ತದೆ. ವ್ಯತ್ಯಾಸ ಒಂದೇ. ಇಲ್ಲಿ ಅಸಲು ಹೆಚ್ಚುವುದಿಲ್ಲ. ಇದ್ದ ಶಕ್ತಿಯೇ ಪಾಲಾಗುತ್ತ ಪಾಲಾಗುತ್ತ ಒಂದೊಂದು ಕಣಕ್ಕೂ ಕಡಿಮೆಯಾಗಿ ಕೊನೆಗೆ ಮಳೆ ನಿಲ್ಲುತ್ತದೆ. ಅದೇ ವರ್ಷ ಅಮೆರಿಕೆಯಲ್ಲಿ ಓಪನ್‌ಹೈಮರ್ ಮತ್ತು ಕಾರ್ಲ್‌ಸನ್ ಸಹ ಬೇರೆಯಾಗಿ ಇದೇ ಉತ್ತರಕ್ಕೆ ಬಂದಿದ್ದರು.

ಆದರೆ ಈ ಲೆಕ್ಕಕ್ಕೆ ಸಿಗದ ಕೆಲವು ಕಣಗಳು ಇದ್ದವು. ಅವು ಸೀಸದ ದಪ್ಪ ಹಲಗೆಯನ್ನೂ ತೂರಿ ಹೋಗುತ್ತಿದ್ದವು. ಎಲೆಕ್ಟ್ರಾನಿಗಿಂತ ಇನ್ನೂರು ಪಟ್ಟು ಭಾರ, ಪ್ರೋಟಾನಿಗಿಂತ ಹಗುರ. ಇಂದು ನಾವು ಅದಕ್ಕೆ ಮ್ಯೂಆನ್ ಅನ್ನುತ್ತೇವೆ. ಅದು ಹುಟ್ಟಿದ ಸೆಕೆಂಡಿನ ಹತ್ತು ಲಕ್ಷದ ಎರಡು ಪಾಲಿನಷ್ಟು ಹೊತ್ತಿಗೆ ಅಳಿದುಹೋಗುತ್ತದೆ. ಸರಿಯಾಗಿ ಹೇಳಬೇಕಾದರೆ ಸರಾಸರಿ 2.2 ಪಾಲು. ಇಲ್ಲಿ ಪಾಟಿ ಬಳಪ ಹಿಡಿದು ಒಂದು ಗುಣಾಕಾರ ಮಾಡಿ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಆ ವೇಗದಲ್ಲಿ ಓಡಿದರೂ ಅಷ್ಟು ಹೊತ್ತಿನಲ್ಲಿ ಸಾಗುವ ದೂರ 660 ಮೀಟರ್ ಮಾತ್ರ. ಆದರೆ ಮ್ಯೂಆನ್ ಹುಟ್ಟುವುದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಹಾಗಾದರೆ ನೆಲಕ್ಕೆ ಹೇಗೆ ಮುಟ್ಟುತ್ತದೆ?

ಐನ್‌ಸ್ಟೈನರ ಸಾಪೇಕ್ಷತೆಯ ಪ್ರಕಾರ ಬೆಳಕಿನ ವೇಗಕ್ಕೆ ಹತ್ತಿರ ಓಡುವ ವಸ್ತುವಿನ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ. ಆದ್ದರಿಂದ ಓಡುವ ಕಣದ ಆಯುಷ್ಯ ನಮ್ಮ ಲೆಕ್ಕದಲ್ಲಿ ಉದ್ದವಾಗಬೇಕು ಅಂತ 1938ರಲ್ಲೇ ಭಾಭಾ ಬರೆದರು. ಮುಂದೆ ಅಳತೆ ಮಾಡಿದಾಗ ಅದು ನಿಜವೇ ಆಯಿತು. ಇದು ಎಲ್ಲೋ ಪ್ರಯೋಗಾಲಯದ ಮಾತಲ್ಲ. ಈ ಹೊತ್ತು ಇಲ್ಲಿ ಕಾತ್ರಜದ ಕೆರೆಯ ಮೇಲೆ, ಚೌಕದಲ್ಲಿ ಸಿಕ್ಕಿಬಿದ್ದ ಬಸ್ಸುಗಳ ಮೇಲೆ, ನಮ್ಮ ಹಾಸ್ಟೆಲಿನ ಮಾಳಿಗೆಯ ಮೇಲೆ ಈ ಮಳೆ ಸುರಿಯುತ್ತಲೇ ಇದೆ. ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದರಂತೆ ಮ್ಯೂಆನ್ ಅದನ್ನು ತೂರಿ ಹೋಗುತ್ತದೆ. ಛತ್ರಿ ಹಿಡಿದರೆ ನಿಲ್ಲುವುದಿಲ್ಲ. ಘಾಟಿನ ಸುರಂಗದೊಳಗೆ ಹೊಕ್ಕರೆ ಮೇಲಿನ ಗುಡ್ಡದ ಕಲ್ಲು ಕೆಲವನ್ನು ತಡೆದೀತು, ಅಷ್ಟೇ. ಈ ಗುಡ್ಡದ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ನಡುತೂಕದ ಕಣಕ್ಕೆ ಆಗ ಬಾಯಿಗೆ ಬಂದ ಹೆಸರುಗಳಿದ್ದವು. ಮೆಸೊಟ್ರಾನ್ ಅಂತ ಕೆಲವರು ಕರೆಯುತ್ತಿದ್ದರು. ಗ್ರೀಕ್ ಭಾಷೆಯಲ್ಲಿ ಮೆಸೊಸ್ ಅಂದರೆ ನಡುವಿನದು. ನಡುವೆ ಈ ಟ್ರ ಎಲ್ಲಿಂದ ಬಂತು, ಮೂಲ ಪದದಲ್ಲೇ ಅದಿಲ್ಲ, ಮೆಸಾನ್ ಅಂತ ಚಿಕ್ಕದಾಗಿ ಅನ್ನುವುದೇ ಸರಿ ಅಂತ 1939ರಲ್ಲಿ ಭಾಭಾ ವಾದಿಸಿದರು. ಮೆಸಾನ್ ಪದವೇ ನಿಂತಿತು. ಇಷ್ಟು ಭಾಷಾಪ್ರಜ್ಞೆ ಇದ್ದ ಮನುಷ್ಯ ನಮ್ಮ ಸಾಹಿತ್ಯ ಬಳಗದ ಪತ್ರಿಕೆಗೆ ಪರಕೀಯ ಹೇಗಾದಾರು? ಮುಂದೆ ಮ್ಯೂಆನ್ ಆ ಜಾತಿಯದಲ್ಲ, ಎಲೆಕ್ಟ್ರಾನಿನ ಭಾರವಾದ ಅಣ್ಣ ಅಂತ ತಿಳಿಯಿತು. ಆದರೆ 1947ರಲ್ಲಿ ಸಿಕ್ಕ ಪಯಾನ್ ಮೊದಲಾದವು ಆ ಹೆಸರನ್ನು ಪಡೆದವು.

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಹಿಂತಿರುಗುವ ದಾರಿ ಮುಚ್ಚಿತು. ಆಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಭೌತಶಾಸ್ತ್ರ ವಿಭಾಗದಲ್ಲಿದ್ದರು. ಅಲ್ಲಿ ಭಾಭಾ ಅವರಿಗೆ ಜಾಗ ಸಿಕ್ಕಿತು. ಟಾಟಾ ದತ್ತಿಯ ನೆರವಿನಿಂದ ವಿಶ್ವಕಿರಣ ಸಂಶೋಧನೆಯ ಒಂದು ಘಟಕ ಶುರುವಾಯಿತು. ತಾತ ದುಡಿದ ನಾಡಿಗೇ ಮೊಮ್ಮಗ ಬಂದ. ಯುದ್ಧಕಾಲದಲ್ಲಿ ಬೆಂಗಳೂರಿಗೆ ಬಂದಿದ್ದ ಅಮೆರಿಕನ್ ಸೈನ್ಯದ ವಿಮಾನಗಳಲ್ಲಿ ಉಪಕರಣ ಕಟ್ಟಿ ಸುಮಾರು 30,000 ಅಡಿ ಎತ್ತರದಲ್ಲಿ ಕಣ ಎಣಿಸಿದರು. 1941ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ರಾಯಲ್ ಸೊಸೈಟಿಯ ಫೆಲೋ ಆದರು. ವಿಕ್ರಮ್ ಸಾರಾಭಾಯಿ ಕೂಡ ಆ ದಿನಗಳಲ್ಲಿ ಅದೇ ಆವರಣದಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಮುಂದೆ ದೇಶದ ಅಣುಶಕ್ತಿಗೂ ಬಾಹ್ಯಾಕಾಶಕ್ಕೂ ತಳಪಾಯ ಹಾಕಿದ ಇಬ್ಬರು ತರುಣರು ಬೆಂಗಳೂರಿನ ಅದೇ ಮರಗಳ ನೆರಳಲ್ಲಿ ತಿರುಗಾಡಿದರು.

ಇಲ್ಲಿ ಅವರ ಬಾಳು ಹೊರಳಿತು. ಯುದ್ಧ ಮುಗಿದ ಮೇಲೆ ಮತ್ತೆ ಯುರೋಪಿಗೆ ಹೋಗಬಹುದಿತ್ತು. ಕೋಪನ್‌ಹೇಗನ್ನಿನ ಬೋರ್, ಜ್ಯೂರಿಕ್ಕಿನ ಪೌಲಿ, ರೋಮಿನ ಫರ್ಮಿ ಎಲ್ಲರೂ ಪರಿಚಯದವರೇ. ಹೋಗಿದ್ದರೆ ಇನ್ನೂ ಎಷ್ಟು ಕಣಗಳ ಲೆಕ್ಕ ಬಿಡಿಸುತ್ತಿದ್ದರೋ. ಬದಲಿಗೆ 1944ರ ಮಾರ್ಚ್ 12ರಂದು ದೊರಾಬ್‌ಜಿ ಟಾಟಾ ದತ್ತಿಗೆ ಒಂದು ಕಾಗದ ಬರೆದರು. ಮೂಲಭೂತ ಭೌತಶಾಸ್ತ್ರಕ್ಕೆ ದೇಶದಲ್ಲೇ ಒಂದು ಒಳ್ಳೆಯ ಸಂಸ್ಥೆ ಬೇಕು. ಅಣುಶಕ್ತಿ ಬಳಕೆಗೆ ಬರುವ ಹೊತ್ತಿಗೆ ತಜ್ಞರಿಗಾಗಿ ಪರದೇಶದ ಕಡೆ ಮುಖ ಮಾಡುವ ಗತಿ ಬರಬಾರದು ಅನ್ನುವುದು ಅದರ ಸಾರ. ಹಿರೋಶಿಮಾ ಇನ್ನೂ ನಡೆದಿರಲಿಲ್ಲ, ಸ್ವಾತಂತ್ರ್ಯವೂ ಬಂದಿರಲಿಲ್ಲ ಅನ್ನುವುದನ್ನು ಗಮನಿಸಬೇಕು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಶುರುವಾಯಿತು. ಅದೇ ವರ್ಷದ ಕೊನೆಗೆ ಮುಂಬಯಿಗೆ, ಪೆಡ್ಡರ್ ರಸ್ತೆಯ ಬಂಗಲೆಯೊಂದಕ್ಕೆ ಹೋಯಿತು. 1962ರಲ್ಲಿ ಕೊಲಾಬಾದ ಕಡಲ ದಂಡೆಯ ಸ್ವಂತ ಕಟ್ಟಡ ಉದ್ಘಾಟನೆಯಾಯಿತು. ನಮ್ಮ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ರೇಡಿಯೋ ಖಗೋಳ ಕೇಂದ್ರವೂ ಅದೇ ಸಂಸ್ಥೆಯ ಒಂದು ಟೊಂಗೆ.

1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷಗಿರಿ, 1955ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ, 1956ರ ಆಗಸ್ಟಿನಲ್ಲಿ ಟ್ರಾಂಬೆಯ ಅಪ್ಸರಾ ಸ್ಥಾವರ. ಹೀಗೆ ಒಂದರ ಮೇಲೊಂದು ಜವಾಬ್ದಾರಿ ಬಂದವು. ಸ್ವಂತ ಸಂಶೋಧನೆಯ ಲೇಖನಗಳು ಕಡಿಮೆಯಾಗುತ್ತ ಬಂದು ನಿಂತೇ ಹೋದವು. ಫೈಲು, ಸಭೆ, ವಿಮಾನ, ಮುಂಗಡಪತ್ರ. ತಾನು ಬಿಡಿಸಬಹುದಾಗಿದ್ದ ಲೆಕ್ಕವನ್ನು ಬಿಟ್ಟು, ಬೇರೆಯವರು ಬಿಡಿಸಲು ಕೋಣೆ ಕಟ್ಟಿಕೊಟ್ಟರು ಅನ್ನಬೇಕು. ಬೆಲೆ ತೆರದೆ ಯಾವ ಸಂಸ್ಥೆಯೂ ಏಳುವುದಿಲ್ಲ. ಅವರು ತೆತ್ತ ಬೆಲೆ ಇದು.

ಆ ಕೋಣೆಗಳಲ್ಲಿ ಕೂತವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಒಬ್ಬರು. 1951ರಲ್ಲಿ ಭಾಭಾ ಅವರ ಸೂಚನೆಯಂತೆ ಈ ತರುಣ ಕೋಲಾರದ ಚಿನ್ನದ ಗಣಿಗೆ ಇಳಿದರು. ಚಿನ್ನಕ್ಕಲ್ಲ, ಮ್ಯೂಆನ್ ಎಣಿಸಲು! ಕಾತ್ರಜದ ಗುಡ್ಡದ ಮಾತು ನೆನಪಿದೆಯಲ್ಲ? ಮೇಲೆ ಕಲ್ಲು ಹೆಚ್ಚಾದಷ್ಟೂ ಕಣಗಳು ಕಡಿಮೆ. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳ. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಕಲ್ಲೇ ಸುಡುವಂಥ ಆ ಆಳದಲ್ಲಿ ಕೂಲಿಕಾರರು ಬೆವರು ಸುರಿಸಿ ಅದಿರು ಒಡೆಯುವ ಜಾಗಕ್ಕೆ ವಿಜ್ಞಾನಿಗಳು ಪೆಟ್ಟಿಗೆ ಹೊತ್ತು ಹೋದರು. 1960ರ ಆಚೀಚೆ ಅತ್ಯಂತ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಬರಲಿಲ್ಲ. ಏನೂ ಸಿಗಲಿಲ್ಲ ಅಂತ ನಾವಾದರೆ ಮನೆಗೆ ಹೋಗುತ್ತಿದ್ದೆವು. ಅವರಿಗೆ ಅದೇ ದೊಡ್ಡ ಸುದ್ದಿ. ಇಷ್ಟು ನಿಶ್ಶಬ್ದ ಜಾಗ ಸಿಕ್ಕಿತೆಂದರೆ ಇಲ್ಲಿ ನ್ಯೂಟ್ರಿನೊ ಹುಡುಕಬಹುದು.

ನ್ಯೂಟ್ರಿನೊ ಅಂದರೇನು? ಇದನ್ನು ವಾಣಿಜ್ಯದವನೇ ಹೇಳಬೇಕು. ತಾಳೆ ಪಟ್ಟಿ ತಾಳೆಯಾಗದಿದ್ದಾಗ ನಾವೇನು ಮಾಡುತ್ತೇವೆ? ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ಸರಿಯಾದ ಖಾತೆ ಸಿಗುವವರೆಗೆ ಕಾಯುತ್ತೇವೆ. ನ್ಯೂಟ್ರಾನು ಒಡೆದು ಪ್ರೋಟಾನು ಮತ್ತು ಎಲೆಕ್ಟ್ರಾನು ಆಗುವಾಗ ಆವೇಶದ ಲೆಕ್ಕ ತಾಳೆಯಾಗುತ್ತಿತ್ತು, ಶಕ್ತಿಯ ಲೆಕ್ಕ ಮಾತ್ರ ಪ್ರತಿ ಸಲವೂ ಕಡಿಮೆ ಬೀಳುತ್ತಿತ್ತು. 1930ರಲ್ಲಿ ಪೌಲಿ ಅವರು ಕಣ್ಣಿಗೆ ಕಾಣದ ಒಂದು ಕಣ ಆ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತಿರಬೇಕು ಅಂತ ಸೂಚಿಸಿದರು. ಅದು ಭೌತಶಾಸ್ತ್ರದ ಸಸ್ಪೆನ್ಸ್ ಖಾತೆ. ಅದು ಚುಕ್ತಾ ಆದದ್ದು 1956ರಲ್ಲಿ, ಅಮೆರಿಕೆಯಲ್ಲಿ ರೈನ್ಸ್ ಮತ್ತು ಕೋವನ್ ಅಣುಸ್ಥಾವರದ ಪಕ್ಕದಲ್ಲಿ ಅದನ್ನು ಹಿಡಿದಾಗ. ಆದರೆ ವಿಶ್ವಕಿರಣಗಳು ಗಾಳಿಗೆ ಬಡಿದು ಹುಟ್ಟುವ ನ್ಯೂಟ್ರಿನೊಗಳನ್ನು ಯಾರೂ ಕಂಡಿರಲಿಲ್ಲ.

ಕೋಲಾರದಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬಯಿಯ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹಮ್ ಮೂವರೂ ಸೇರಿ ಉಪಕರಣ ಹೂಡಿದರು. ಯುಕ್ತಿ ಬಹಳ ಸರಳ. ಮೇಲಿನಿಂದ ಬರುವ ಕಣಗಳನ್ನು ನಂಬಬೇಡ, ಅಡ್ಡಡ್ಡ ಬರುವವುಗಳನ್ನು ನೋಡು. ಅಡ್ಡ ದಿಕ್ಕಿನಲ್ಲಿ ಹತ್ತಾರು ಕಿಲೋಮೀಟರ್ ಬಂಡೆ ಇದೆ. ಯಾವ ಮ್ಯೂಆನೂ ಅದನ್ನು ದಾಟಿ ಬರಲಾರದು. ಆದ್ದರಿಂದ ಅಡ್ಡ ಬಂದದ್ದು ಪಕ್ಕದ ಕಲ್ಲಿನಲ್ಲೇ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ ಆಗಿರಬೇಕು. 1965ರಲ್ಲಿ ಅಂಥ ಗುರುತುಗಳು ಸಿಕ್ಕವು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಸಿಕ್ಕವು. ವಾಯುಮಂಡಲದ ನ್ಯೂಟ್ರಿನೊ ಮೊದಲು ಕಂಡ ಎರಡು ತಾಣಗಳಲ್ಲಿ ಒಂದು ನಮ್ಮ ಕೋಲಾರ ಜಿಲ್ಲೆಯ ನೆಲದಡಿ ಇದೆ ಅನ್ನುವುದು ನನ್ನ ಶಾಲೆಯ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಇದೇ ಹೊತ್ತಿಗೆ, 1964ರಲ್ಲಿ, ಗೆಲ್‌ಮನ್ ಮತ್ತು ಜ್ವೈಗ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕ್ವಾರ್ಕಿನ ವಿಚಾರ ಮಂಡಿಸಿದರು. ಮೇಲು ಕ್ವಾರ್ಕಿನ ಆವೇಶ ಮೂರರಲ್ಲಿ ಎರಡು ಪಾಲು ಧನ. ಕೆಳ ಕ್ವಾರ್ಕಿನದು ಮೂರರಲ್ಲಿ ಒಂದು ಪಾಲು ಋಣ. ಪ್ರೋಟಾನಿನಲ್ಲಿ ಎರಡು ಮೇಲು, ಒಂದು ಕೆಳ: ಎರಡು ಮತ್ತು ಎರಡು ನಾಲ್ಕು, ಅದರಲ್ಲಿ ಒಂದು ಕಳೆದರೆ ಮೂರು; ಮೂರರಲ್ಲಿ ಮೂರು ಪಾಲು ಅಂದರೆ ಪೂರಾ ಒಂದು. ನ್ಯೂಟ್ರಾನಿನಲ್ಲಿ ಒಂದು ಮೇಲು, ಎರಡು ಕೆಳ: ಎರಡರಲ್ಲಿ ಎರಡು ಕಳೆದರೆ ಸೊನ್ನೆ. ನಾಲ್ಕನೆಯ ಇಯತ್ತೆಯ ಭಿನ್ನರಾಶಿ ಸಾಕು. ಭಾಭಾ ಹೆಸರಿಟ್ಟ ಮೆಸಾನುಗಳೂ ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕಿನ ಜೋಡಿ ಅಂತ ಆಯಿತು.

ಆದರೆ ಕ್ವಾರ್ಕು ಒಂಟಿಯಾಗಿ ಹೊರಗೆ ಸಿಗುವುದೇ ಇಲ್ಲ. ಕಾಣದ್ದನ್ನು ಇದೆ ಅಂತ ಹೇಗೆ ಹೇಳುವುದು? ಕಾತ್ರಜದವರಿಗೆ ಇದು ಹೊಸದಲ್ಲ. ಹದಿನೆಂಟನೆಯ ಶತಮಾನದ ನಡುವೆ ನಾನಾಸಾಹೇಬ ಪೇಶವೆ ಕಾತ್ರಜದ ಕೆರೆಯಿಂದ ನೆಲದೊಳಗೇ ಕಲ್ಲಿನ ಕಾಲುವೆ ಕಟ್ಟಿಸಿ ಶನಿವಾರವಾಡೆಯ ಕಡೆ ನೀರು ಒಯ್ದರು. ದಾರಿಯುದ್ದಕ್ಕೂ ಕಾಲುವೆ ಯಾರ ಕಣ್ಣಿಗೂ ಬೀಳದು. ಆದರೆ ಪೇಟೆಯ ಹೌದಿನಲ್ಲಿ ನೀರು ಬಿದ್ದದ್ದನ್ನು ನೋಡಿ ಒಳಗೆ ಹಾದಿ ಇದೆ ಅಂತ ಯಾರೂ ಹೇಳಬಹುದಿತ್ತು. ಹಾಗೆಯೇ 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಎಲೆಕ್ಟ್ರಾನುಗಳನ್ನು ಭಾರೀ ವೇಗದಲ್ಲಿ ಪ್ರೋಟಾನಿಗೆ ಹೊಡೆದರು. ಅವು ಒಳಗಿನ ಗಟ್ಟಿ ಬಿಂದುಗಳಿಗೆ ತಾಗಿ ಪುಟಿದ ರೀತಿ ನೋಡಿ ಪ್ರೋಟಾನು ಇಡಿಯಾದ ಗುಂಡಲ್ಲ, ಒಳಗೆ ಮಂದಿ ಇದ್ದಾರೆ ಅಂತ ತಿಳಿದರು.

ಅದನ್ನು ನೋಡಲು ಭಾಭಾ ಇರಲಿಲ್ಲ. 1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟ ಅವರಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕಿಗೆ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಅವರಿಗಾಗ ಐವತ್ತಾರು. ಮದುವೆಯಾಗಿರಲಿಲ್ಲ. ಕೋಲಾರದ ನ್ಯೂಟ್ರಿನೊ ಸುದ್ದಿ ಬಂದು ಕೆಲವೇ ತಿಂಗಳಾಗಿತ್ತು. ಕ್ವಾರ್ಕಿನ ಪುರಾವೆಗೆ ಇನ್ನೆರಡು ವರ್ಷ ಬಾಕಿ ಇತ್ತು.

ಅವರು ಹೋದ ಮೇಲೂ ಲೆಕ್ಕ ಮುಂದುವರಿಯಿತು. 1974ರಲ್ಲಿ ನಾಲ್ಕನೆಯ, 1977ರಲ್ಲಿ ಐದನೆಯ, 1995ರಲ್ಲಿ ಆರನೆಯ ಕ್ವಾರ್ಕು ಸಿಕ್ಕವು. ಆರನೆಯದರ ಹುಡುಕಾಟದಲ್ಲಿ ಭಾಭಾ ಕಟ್ಟಿದ ಸಂಸ್ಥೆಯವರೂ ಇದ್ದರು. 1989ರಿಂದ 2000ದವರೆಗೆ ಜಿನೀವಾ ಬಳಿಯ ದೊಡ್ಡ ಯಂತ್ರದಲ್ಲಿ ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಢಿಕ್ಕಿ ಹೊಡೆಸುವಾಗ, ಒಟ್ಟು ಎಷ್ಟು ಢಿಕ್ಕಿಗೆ ಅವಕಾಶವಾಯಿತು ಅಂತ ಅಳೆಯಲು ಬಳಸಿದ ಅಳತೆಗೋಲೇ ಭಾಭಾ ಚೆದರಿಕೆ. ಇಪ್ಪತ್ತಾರರ ಹುಡುಗ ಹಾಕಿದ ಲೆಕ್ಕ ಐವತ್ತು ವರ್ಷ ಕಳೆದ ಮೇಲೂ ಮಾಪು ಆಗಿ ನಿಂತಿತು.

ಕೋಲಾರದಲ್ಲಿ 1980ರಿಂದ ಇನ್ನೊಂದು ಪ್ರಯೋಗ ನಡೆಯಿತು. ಪ್ರೋಟಾನು ಅಮರವೋ, ಅದೂ ಒಂದು ದಿನ ಅಳಿಯುತ್ತದೋ ಎಂಬ ಪ್ರಶ್ನೆ. ಕ್ವಾರ್ಕು ಎಲೆಕ್ಟ್ರಾನಿನ ಜಾತಿಗೆ ಬದಲಾಗಬಲ್ಲದಾದರೆ ಪ್ರೋಟಾನೂ ಎಂದಾದರೂ ಅಳಿಯಬೇಕು. ಸುಮಾರು 140 ಟನ್ ಕಬ್ಬಿಣ ಗಣಿಯೊಳಗೆ ಜೋಡಿಸಿ ವರ್ಷಗಟ್ಟಲೆ ಕಾದರು. ಅನುಮಾನದ ಕೆಲವು ಗುರುತು ಕಂಡರೂ ಖಚಿತವಾಗಲಿಲ್ಲ. ಜಗತ್ತಿನಲ್ಲಿ ಇಂದಿನವರೆಗೂ ಯಾರೂ ಪ್ರೋಟಾನಿನ ಸಾವು ಕಂಡಿಲ್ಲ. ಅದರ ಆಯುಷ್ಯ ಒಂದರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಕ್ಕೂ ಹೆಚ್ಚು ಅಂತ ಜಪಾನಿನ ಪ್ರಯೋಗ ಹೇಳುತ್ತದೆ. ಗಣಿಯ ಆಯುಷ್ಯ ಮಾತ್ರ ಅಷ್ಟಿರಲಿಲ್ಲ. ಕಣದ ಪ್ರಯೋಗಗಳು 1990ರ ದಶಕದ ಆರಂಭಕ್ಕೆ ನಿಂತವು. 2001ರ ಫೆಬ್ರವರಿ 28ಕ್ಕೆ ಗಣಿಯನ್ನೇ ಮುಚ್ಚಿದರು. ಸಾವಿರಾರು ಕೂಲಿಕಾರರ ಅನ್ನ ಹೋಯಿತು. ಆಳದ ದಾರಿಗಳಲ್ಲಿ ನೀರು ತುಂಬಿತು.

ಈಗ ಅಢಾವೆ ಪತ್ರಿಕೆ ತೆಗೆಯೋಣ. ಭಾಭಾ ಅವರ ಮೇಲೆ ಆಕ್ಷೇಪಣೆಗಳೂ ಇವೆ. ಹಸಿವಿನ ದೇಶದಲ್ಲಿ ಅಣುಶಕ್ತಿಗೆ ಇಷ್ಟು ಹಣ ಬೇಕಿತ್ತೇ? ಗುಟ್ಟಿನ ಆಡಳಿತ ಸರಿಯೇ? ಬಾಂಬಿನ ಕಡೆಗೂ ಆ ದಾರಿ ಹೊರಳಿತಲ್ಲ? ಈ ಪ್ರಶ್ನೆಗಳನ್ನು ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಕಣದ ಸಂಶೋಧನೆ ಯಾವ ಲಾಭಕ್ಕೆ ಅಂತ ನಮ್ಮ ಶಾಖೆಯವರು ಕೇಳಿದಾಗ ನನಗೆ ಒಂದು ಮಾತು ತೋಚುತ್ತದೆ. ಲಾಭ ನಷ್ಟದ ಖಾತೆ ಒಂದು ವರ್ಷದ್ದು. ಆಸ್ತಿಯ ಲೆಕ್ಕ ಹಾಗಲ್ಲ. ಬೆಂಗಳೂರಿನಲ್ಲಿ ಒಬ್ಬರು ಮನಸ್ಸು ಮಾಡಿದ್ದರಿಂದ ನಂಜನಗೂಡಿನವರೊಬ್ಬರು ಗಣಿಗೆ ಇಳಿದು ವಿಶ್ವದ ಸುದ್ದಿ ಹಿಡಿದರು. ಅಂಥ ಮನುಷ್ಯರನ್ನು ತಯಾರು ಮಾಡಿದ್ದನ್ನು ಯಾವ ಖಾತೆಗೆ ಬರೆಯುತ್ತೀರಿ?

ಇನ್ನೊಂದು ಮಾತು ನಮ್ಮ ಬಳಗಕ್ಕೆ ಸೇರಿದ್ದು. ಕನ್ನಡದಲ್ಲಿ ಓದಿದವನಿಗೆ ಇಂಥ ವಿಷಯ ದಕ್ಕದು ಅಂತ ಹೇಳುವವರಿದ್ದಾರೆ. ಈ ಲೇಖನದಲ್ಲಿ ಮ್ಯೂಆನಿನ ಆಯುಷ್ಯ, ಕ್ವಾರ್ಕಿನ ಭಿನ್ನರಾಶಿ, ನ್ಯೂಟ್ರಿನೊದ ಖಾತೆ ಎಲ್ಲವನ್ನೂ ನಮ್ಮ ಮಾತಿನಲ್ಲೇ ಬರೆದೆ. ತಿಳಿಯಿತೋ ಇಲ್ಲವೋ ನೀವೇ ಹೇಳಬೇಕು. ತಿಳಿದಿದ್ದರೆ ಬರುವ ಸೂಟಿಯಲ್ಲಿ ಊರಿಗೆ ಹೋದಾಗ ಮನೆಯ ಚಿಕ್ಕ ಹುಡುಗರನ್ನು ಕೂಡಿಸಿಕೊಂಡು ಪ್ರೋಟಾನಿನ ಆವೇಶದ ಲೆಕ್ಕ ಮಾಡಿಸಿರಿ. ಎರಡು, ಎರಡು, ಒಂದು ಕಳೆ. ಪಾಠ ಮೂರೇ ಕಣಕ್ಕೆ ಮುಗಿಯುವುದಿಲ್ಲ, ಅದರಾಚೆಗೂ ಇದೆ, ಅಲ್ಲಿ ಕೋಲಾರದ ಹೆಸರೂ ಇದೆ ಅಂತ ಅವರಿಗೆ ಗೊತ್ತಾಗಲಿ.